ಜೇನಿಗೆ ಕಂಡ ಹೂವು, ಕ್ಯಾಮೆರಾ ತಂದ ಸಾಕ್ಷಿ

ಹೂವಿನ ಬಣ್ಣ ಯಾರಿಗಾಗಿ? ಕವಿಯನ್ನು ಕೇಳಿದರೆ ನಲ್ಲೆಯ ಮುಡಿಗಾಗಿ ಎಂದಾನು; ಭಕ್ತನನ್ನು ಕೇಳಿದರೆ ದೇವರ ಪಾದಕ್ಕಾಗಿ ಎಂದಾನು. ಹೂ ಮಾರುವವರಿಗೆ ಅದು ಮೊಳಕ್ಕಿಷ್ಟು ಎಂಬ ಲೆಕ್ಕ. ಆದರೆ ಮನುಷ್ಯ ಈ ಭೂಮಿಗೆ ಬರುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಹೂಗಳು ಅರಳುತ್ತಿದ್ದವು. ಆಗ ಅವನ್ನು ನೋಡುವವರು ಯಾರಿದ್ದರು? ದುಂಬಿಗಳಿದ್ದವು, ನೊಣಗಳಿದ್ದವು, ಜೇನಿನ ಪೂರ್ವಜರಿದ್ದವು. ಅವುಗಳ ಕಣ್ಣಿಗೆಂದು ಬರೆದ ಓಲೆಯನ್ನು ನಾವು ನಡುವೆ ಬಂದು ಓದುತ್ತಿದ್ದೇವೆ. ಓದುವುದೂ ಪೂರ್ತಿಯಲ್ಲ. ಅದರ ಒಂದು ಭಾಗವನ್ನು ನಮ್ಮ ಕಣ್ಣು ಗುರುತಿಸದ ಶಾಯಿಯಲ್ಲಿ ಬರೆಯಲಾಗಿದೆ.

ಆ ಶಾಯಿಯೇ ಅತಿನೇರಳೆ ಬೆಳಕು. ಉತ್ತರ ಅಮೆರಿಕದ ಬಯಲುಗಳಲ್ಲಿ, ರಸ್ತೆಯ ಅಂಚುಗಳಲ್ಲಿ ತಾನಾಗಿ ಬೆಳೆಯುವ ‘ಬ್ಲ್ಯಾಕ್ ಐಡ್ ಸೂಸನ್’ ಎಂಬ ಕಾಡುಹೂವಿದೆ. ಸೂರ್ಯಕಾಂತಿಯ ಬಳಗಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರುಡ್‌ಬೆಕಿಯಾ ಹಿರ್ಟಾ. ನಡುವೆ ಕಂದುಗಪ್ಪು ಗುಬುಟು, ಸುತ್ತ ಹಳದಿ ಎಸಳು. ನಮ್ಮ ಕಣ್ಣಿಗೆ ಎಸಳು ಬುಡದಿಂದ ತುದಿಯವರೆಗೂ ಹಳದಿಯೇ. ಅದೇ ಹೂವನ್ನು ಅತಿನೇರಳೆ ಬೆಳಕಿನಲ್ಲಿ ಮಾತ್ರ ಚಿತ್ರ ತೆಗೆದರೆ ಎಸಳಿನ ತುದಿ ಬೆಳ್ಳಗೆ ಹೊಳೆಯುತ್ತದೆ, ಬುಡ ಇದ್ದಿಲಿನಂತೆ ಕಪ್ಪಾಗುತ್ತದೆ. ಗುಬುಟಿನ ಸುತ್ತ ಒಂದು ದೊಡ್ಡ ಕಪ್ಪು ಬಿಲ್ಲೆ ಮೂಡುತ್ತದೆ, ಬಿಲ್ಲುಗಾರನ ಗುರಿಹಲಗೆಯ ಹಾಗೆ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ಒಂದೇ ಹೂವಿನವು ಎಂದು ನಂಬುವುದು ಕಷ್ಟ.

ಈ ಜೋಡಿಚಿತ್ರದ ಹಿಂದೆ ಎರಡು ಶತಮಾನಗಳ ಕಥೆಯಿದೆ. ಅದರಲ್ಲಿ ಕೆಲಸ ಕಳೆದುಕೊಂಡ ಶಾಲಾ ಮೇಷ್ಟ್ರು ಇದ್ದಾರೆ, ಇರುವೆ ಸಾಕಿದ ಬ್ಯಾಂಕಿನ ಯಜಮಾನರು ಇದ್ದಾರೆ, ಜೇನಿಗೆ ಬಣ್ಣದ ಪಾಠ ಹೇಳಿದ ಪ್ರಾಧ್ಯಾಪಕರು ಇದ್ದಾರೆ. ಕೊನೆಗೆ ನಮ್ಮ ಕಾಲದ ಹವೆಯ ಏರುಪೇರಿಗೂ ಈ ಕಥೆ ಬಂದು ಮುಟ್ಟುತ್ತದೆ.

ಮೇಷ್ಟ್ರು ಕಂಡ ರಹಸ್ಯ

ಬರ್ಲಿನ್ ಬಳಿಯ ಸ್ಪಾಂಡೌ ಎಂಬ ಊರಿನ ಶಾಲೆಯಲ್ಲಿ ಕ್ರಿಶ್ಚಿಯನ್ ಕಾನ್ರಾಡ್ ಸ್ಪ್ರೆಂಗೆಲ್ ಎಂಬವರು ಮುಖ್ಯೋಪಾಧ್ಯಾಯರಾಗಿದ್ದರು. 1787ರಲ್ಲಿ ಅವರು ಕಾಡು ಜೆರೇನಿಯಂ ಹೂವೊಂದನ್ನು ನೋಡುತ್ತಿದ್ದಾಗ ಎಸಳಿನ ಬುಡದಲ್ಲಿ ನವಿರಾದ ಕೂದಲು ಕಂಡವು. ಸೃಷ್ಟಿಕರ್ತ ಒಂದು ಕೂದಲನ್ನೂ ಸುಮ್ಮನೆ ಇಟ್ಟಿರಲಾರ ಎಂಬುದು ಅವರ ನಂಬಿಕೆ. ಯೋಚಿಸುತ್ತ ಹೋದಂತೆ, ಆ ಕೂದಲು ಮಕರಂದಕ್ಕೆ ಮಳೆನೀರು ಬೀಳದಂತೆ ತಡೆಯುವ ಸೂರು ಎಂದು ಹೊಳೆಯಿತು. ಹಾಗಾದರೆ ಮಕರಂದವನ್ನು ಯಾರಿಗಾಗಿ ಕಾಪಾಡಬೇಕು? ಕೀಟಗಳಿಗಾಗಿ. ಮುಂದೆ ‘ಫರ್ಗೆಟ್ ಮಿ ನಾಟ್’ ಎಂಬ ಪುಟ್ಟ ನೀಲಿ ಹೂವಿನ ಬಾಯಿಯ ಸುತ್ತ ಹಳದಿ ಉಂಗುರ ಕಂಡಾಗ, ಅದು ಮಕರಂದದ ದಾರಿ ತೋರಿಸುವ ಗುರುತು ಎಂದು ತೀರ್ಮಾನಿಸಿದರು. ಇಂಥ ಗೆರೆ, ಚುಕ್ಕೆ, ಉಂಗುರಗಳಿಗೆ ಅವರು ಕೊಟ್ಟ ಜರ್ಮನ್ ಹೆಸರಿನ ಅರ್ಥ ‘ರಸದ ಗುರುತು’ ಎಂದು.

1793ರಲ್ಲಿ ಸ್ಪ್ರೆಂಗೆಲ್ ತಮ್ಮ ಗ್ರಂಥವನ್ನು ಪ್ರಕಟಿಸಿದರು. 400ಕ್ಕೂ ಹೆಚ್ಚು ಜಾತಿಯ ಗಿಡಗಳ ವಿವರ ಅದರಲ್ಲಿತ್ತು. ಪ್ರಕೃತಿಯ ರಹಸ್ಯವನ್ನು ಪತ್ತೆ ಮಾಡಿದ್ದೇನೆ ಎಂದು ಶೀರ್ಷಿಕೆಯಲ್ಲೇ ಸಾರಿದ್ದರು. ಆದರೆ ಕೇಳುವವರಿರಲಿಲ್ಲ. ಪವಿತ್ರವಾದ ಹೂವಿಗೆ ಗಂಡು ಹೆಣ್ಣಿನ ಸಂಬಂಧ ಕಟ್ಟಿ, ನಡುವೆ ಕೀಟವನ್ನು ದಲ್ಲಾಳಿ ಮಾಡಿದ್ದು ಆ ಕಾಲದವರಿಗೆ ಹಿಡಿಸಲಿಲ್ಲ. ಮಹಾಕವಿ ಗಯಟೆಗೂ ಈ ವಿಚಾರ ಒಪ್ಪಿಗೆಯಾಗಲಿಲ್ಲ. ಹೂವಿನ ಹುಚ್ಚಿನಲ್ಲಿ ಶಾಲೆಯ ಕೆಲಸ ಹಿಂದೆ ಬಿತ್ತು. ಮರುವರ್ಷವೇ ಅವರು ಹುದ್ದೆ ಬಿಡಬೇಕಾಯಿತು. ಸಣ್ಣ ಪಿಂಚಣಿಯಲ್ಲಿ ಬದುಕಿ 1816ರಲ್ಲಿ ತೀರಿಕೊಂಡರು. ಅವರ ಗ್ರಂಥವನ್ನು ಮತ್ತೆ ಲೋಕದ ಗಮನಕ್ಕೆ ತಂದವರು ಚಾರ್ಲ್ಸ್ ಡಾರ್ವಿನ್, ಅದೂ ಅರ್ಧ ಶತಮಾನ ಕಳೆದ ಮೇಲೆ.

ಸ್ಪ್ರೆಂಗೆಲ್ ಕಂಡದ್ದು ಬರಿಗಣ್ಣಿಗೆ ಕಾಣುವ ಗುರುತುಗಳನ್ನು ಮಾತ್ರ. ಯಾವ ಗುರುತೂ ಇಲ್ಲದೆ ಒಂದೇ ಬಣ್ಣದಲ್ಲಿ ಅರಳುವ ಹೂಗಳು ಎಷ್ಟೋ ಇದ್ದವು. ಅಲ್ಲಿ ಕೀಟಕ್ಕೆ ದಾರಿ ತೋರಿಸುವವರು ಯಾರು? ಉತ್ತರ ಸಿಗಬೇಕಾದರೆ ಮೊದಲು ಬೆಳಕಿನ ಬಗ್ಗೆಯೇ ಒಂದು ಹೊಸ ಸಂಗತಿ ತಿಳಿಯಬೇಕಿತ್ತು.

ನೇರಳೆಯ ಆಚೆಗೆ

1800ರಲ್ಲಿ ವಿಲಿಯಂ ಹರ್ಷೆಲ್, ಗಾಜಿನ ಪಟ್ಟಕದಿಂದ ಹೊರಬಂದ ಬಣ್ಣಗಳ ಸಾಲಿನಲ್ಲಿ ಕೆಂಪಿನ ಆಚೆ, ಬೆಳಕೇ ಕಾಣದ ಜಾಗದಲ್ಲಿ ಶಾಖಮಾಪಕದ ಪಾದರಸ ಏರುವುದನ್ನು ಕಂಡರು. ಸುದ್ದಿ ಕೇಳಿದ ಜರ್ಮನಿಯ ಯೋಹಾನ್ ರಿಟ್ಟರ್, ಕೆಂಪಿನ ಆಚೆ ಏನೋ ಇದ್ದರೆ ನೇರಳೆಯ ಆಚೆಗೂ ಇರಬೇಕಲ್ಲವೇ ಎಂದು ಹುಡುಕಿದರು. 1801ರಲ್ಲಿ, ಬೆಳಕು ತಾಕಿದರೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡನ್ನು ಬಣ್ಣಗಳ ಸಾಲಿಗೆ ಒಡ್ಡಿದಾಗ, ನೇರಳೆಯ ಆಚೆಯ ಖಾಲಿ ಜಾಗದಲ್ಲೇ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಇಂದು ನಾವು 400 ನ್ಯಾನೋಮೀಟರಿಗಿಂತ ಕಿರಿದಾದ ತರಂಗಾಂತರದ ಬೆಳಕು ಎನ್ನುವುದು ಇದನ್ನೇ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು.

ಗಮನಿಸಬೇಕಾದ ಸಂಗತಿಯೆಂದರೆ, ರಿಟ್ಟರ್ ಬಳಸಿದ ಬೆಳ್ಳಿಯ ಲವಣವೇ ಮುಂದೆ ಫೋಟೋಗ್ರಫಿಯ ಜೀವಾಳವಾಯಿತು. 19ನೇ ಶತಮಾನದ ಫೋಟೋ ಫಲಕಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ; ನೀಲಿ, ನೇರಳೆ, ಅತಿನೇರಳೆ ಚೆನ್ನಾಗಿ ಕಾಣುತ್ತಿದ್ದವು. ಅಂದರೆ ಕ್ಯಾಮೆರಾ ಹುಟ್ಟಿನಿಂದಲೇ ನಮಗೆ ಕಾಣದ್ದನ್ನು ಕಾಣಬಲ್ಲದ್ದಾಗಿತ್ತು. ಅಡ್ಡ ಬಂದದ್ದು ಅದರ ಗಾಜಿನ ಮಸೂರ. ಗಾಜು ಅತಿನೇರಳೆಯ ಬಹುಪಾಲನ್ನು ನುಂಗಿಬಿಡುತ್ತದೆ. ಗಿರಿಧಾಮಗಳಲ್ಲಿ ದೂರದ ಬೆಟ್ಟ ಮಸುಕಾಗಬಾರದೆಂದು ಛಾಯಾಗ್ರಾಹಕರು ಮಸೂರದ ಮುಂದೆ ‘ಯುವಿ ಫಿಲ್ಟರ್’ ಹಾಕುತ್ತಿದ್ದುದು ಅಳಿದುಳಿದ ಅತಿನೇರಳೆಯನ್ನೂ ಹೊರಗಿಡುವುದಕ್ಕೆ.

ಇದಕ್ಕೆ ತದ್ವಿರುದ್ಧವಾಗಿ ಹೊರಟವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಕಾಣುವ ಬೆಳಕನ್ನೆಲ್ಲ ತಡೆದು ಅತಿನೇರಳೆಯನ್ನು ಮಾತ್ರ ಒಳಬಿಡುವ ಫಿಲ್ಟರನ್ನು ಅವರು 1903ರಲ್ಲಿ ರೂಪಿಸಿದರು. 1910ರ ಹೊತ್ತಿಗೆ ಗಾಜಿನ ಬದಲು ಸ್ಫಟಿಕದ ಮಸೂರ ಮಾಡಿಸಿ, ಅದಕ್ಕೆ ಬೆಳ್ಳಿಯ ತೆಳು ಲೇಪ ಹಚ್ಚಿ ಭೂದೃಶ್ಯಗಳನ್ನೂ ಚಂದ್ರನನ್ನೂ ಚಿತ್ರಿಸಿದರು. ಆ ಚಿತ್ರಗಳಲ್ಲಿ ಬಿಸಿಲಿನಲ್ಲಿ ನಿಂತ ಮನುಷ್ಯನಿಗೆ ನೆರಳೇ ಇರಲಿಲ್ಲ, ಏಕೆಂದರೆ ಅತಿನೇರಳೆ ಬೆಳಕು ಆಕಾಶದ ಎಲ್ಲ ದಿಕ್ಕಿನಿಂದಲೂ ಚೆದುರಿ ಬರುತ್ತದೆ. ಸತುವಿನ ಬಿಳಿ ಬಣ್ಣ ಕಪ್ಪಾಗಿ ಮೂಡಿತು. ಬಿಳಿಯೆಂದರೆ ಎಲ್ಲರಿಗೂ ಬಿಳಿಯೇ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಇರುವೆ, ಜೇನು ಕೊಟ್ಟ ಉತ್ತರ

ಬೆಳಕು ಇದೆ, ಹಿಡಿಯುವ ಉಪಾಯವೂ ಇದೆ. ಆದರೆ ಅದನ್ನು ಕಾಣುವ ಕಣ್ಣು ಯಾವ ಪ್ರಾಣಿಗಾದರೂ ಇದೆಯೇ? ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಸರ್ ಜಾನ್ ಲಬ್ಬಕ್ ವೃತ್ತಿಯಿಂದ ಬ್ಯಾಂಕರ್, ಪಾರ್ಲಿಮೆಂಟಿನ ಸದಸ್ಯರು. ಬ್ಯಾಂಕ್ ನೌಕರರಿಗೆ ಸಾರ್ವಜನಿಕ ರಜೆ ಕೊಡಿಸಿದ 1871ರ ಶಾಸನ ಅವರದೇ. ಬಿಡುವಿನ ವೇಳೆಯಲ್ಲಿ ಗಾಜಿನ ಗೂಡುಗಳಲ್ಲಿ ಇರುವೆ ಸಾಕುತ್ತಿದ್ದರು. ಗೂಡಿಗೆ ಬೆಳಕು ಬಿದ್ದರೆ ಇರುವೆಗಳು ಕೋಶದೊಳಗಿನ ಮರಿಗಳನ್ನು ಹೊತ್ತು ಕತ್ತಲಿನ ಕಡೆಗೆ ಸಾಗಿಸುತ್ತವೆ. ಲಬ್ಬಕ್ ಆ ಗೂಡಿನ ಮೇಲೆ ಕಾಮನಬಿಲ್ಲಿನ ಬಣ್ಣಗಳ ಸಾಲನ್ನು ಚೆಲ್ಲಿದರು. ಇರುವೆಗಳು ನೇರಳೆಯ ಆಚೆಗೆ, ಮನುಷ್ಯರಿಗೆ ಕಗ್ಗತ್ತಲಾಗಿ ಕಾಣುವ ಜಾಗದಿಂದಲೇ ಮರಿಗಳನ್ನು ಅವಸರವಾಗಿ ಎತ್ತಿಕೊಂಡು ಹೊರಟವು. ಕೆಂಪಿನಲ್ಲಿ ಇಟ್ಟು ಸಮಾಧಾನಪಟ್ಟವು. ನಮಗೆ ಕತ್ತಲಾದದ್ದು ಅವಕ್ಕೆ ಬೆಳಕು. ನಮಗೆ ಬೆಳಕಾದ ಕೆಂಪು ಅವಕ್ಕೆ ಕತ್ತಲು. 1882ರ ತಮ್ಮ ಪುಸ್ತಕದಲ್ಲಿ ಲಬ್ಬಕ್ ಇದನ್ನು ವಿವರಿಸಿದರು.

ಜೇನಿನ ವಿಷಯದಲ್ಲಿ ಮಾತ್ರ ಜಗಳವೇ ನಡೆಯಿತು. ಜರ್ಮನಿಯ ಪ್ರಸಿದ್ಧ ನೇತ್ರವಿಜ್ಞಾನಿ ಕಾರ್ಲ್ ಫಾನ್ ಹೆಸ್, ಜೇನಿಗೆ ಬಣ್ಣವೇ ತಿಳಿಯದು ಎಂದು ವಾದಿಸಿದ್ದರು. ಹಾಗಿದ್ದರೆ ಹೂಗಳಿಗೆ ಬಣ್ಣವಾದರೂ ಏಕೆ ಎಂದು ಎದುರು ನಿಂತವರು ಯುವ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ಅವರ ಪ್ರಯೋಗ ಎಷ್ಟು ಸರಳವೆಂದರೆ ಶಾಲೆಯ ಮಕ್ಕಳೂ ಮಾಡಬಹುದು. ಮೇಜಿನ ಮೇಲೆ ಬೂದು ಬಣ್ಣದ ಹಲವು ಛಾಯೆಯ ಕಾಗದಗಳು, ನಡುವೆ ಒಂದು ನೀಲಿ ಕಾಗದ. ನೀಲಿಯ ಮೇಲೆ ಸಕ್ಕರೆ ನೀರು. ಕೆಲವು ಬಾರಿ ಹೀಗೆ ಉಣಿಸಿದ ಮೇಲೆ ಸಕ್ಕರೆ ತೆಗೆದು, ಕಾಗದಗಳ ಜಾಗ ಬದಲಿಸಿದರೂ ಜೇನ್ನೊಣಗಳು ನೀಲಿಯನ್ನೇ ಹುಡುಕಿ ಬಂದವು. ಬಣ್ಣ ತಿಳಿಯದಿದ್ದರೆ ಯಾವುದಾದರೊಂದು ಬೂದು ಛಾಯೆಗೂ ನೀಲಿಗೂ ವ್ಯತ್ಯಾಸ ಕಾಣದೆ ತಪ್ಪಬೇಕಿತ್ತು. 1914ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದೆ 1973ರಲ್ಲಿ ಫ್ರಿಶ್ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. 1920ರ ದಶಕದಲ್ಲಿ ಆಲ್ಫ್ರೆಡ್ ಕ್ಯೂನ್, ಪಾದರಸ ದೀಪದ ಬೆಳಕನ್ನು ಬಿಡಿಬಿಡಿ ಪಟ್ಟೆಗಳಾಗಿಸಿ ಜೇನಿಗೆ ತರಬೇತಿ ಕೊಟ್ಟು, ಅತಿನೇರಳೆಯನ್ನೂ ಅದು ಒಂದು ಪ್ರತ್ಯೇಕ ಬಣ್ಣವಾಗಿ ಗುರುತಿಸುತ್ತದೆ ಎಂದು ತೋರಿಸಿದರು.

ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ. ಜೇನಿನಲ್ಲೂ ಮೂರು ಬಗೆ. ನಮ್ಮವು ಸ್ಥೂಲವಾಗಿ ಕೆಂಪು, ಹಸಿರು, ನೀಲಿಗೆ ಮಿಡಿದರೆ ಜೇನಿನವು ಹಸಿರು, ನೀಲಿ, ಅತಿನೇರಳೆಗೆ ಮಿಡಿಯುತ್ತವೆ. ಜೇನಿಗೆ ಕಾಣುವ ಬೆಳಕಿನ ಹರವು ಸುಮಾರು 300ರಿಂದ 650 ನ್ಯಾನೋಮೀಟರ್. ಕಡುಗೆಂಪನ್ನು ಬಿಟ್ಟುಕೊಟ್ಟು ಅತಿನೇರಳೆಯನ್ನು ಪಡೆದ ಕಣ್ಣು ಅದು. ನಮ್ಮ ಕಣ್ಣಿನ ಪಾಪೆಯ ಹಿಂದಿರುವ ಮಸೂರ ಅತಿನೇರಳೆಯನ್ನು ಒಳಕ್ಕೆ ಬಿಡುವುದೇ ಇಲ್ಲ. ಆ ಬಾಗಿಲು ನಮಗೆ ಮುಚ್ಚಿದೆ.

ಹೂವಿನ ಮುಂದೆ ಕ್ಯಾಮೆರಾ

ಹೂಗಳಿಂದ ಮರಳುವ ಅತಿನೇರಳೆಯನ್ನು ವ್ಯವಸ್ಥಿತವಾಗಿ ಅಳೆದವರಲ್ಲಿ ಮೊದಲಿಗರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಎಫ್. ಕೆ. ರಿಕ್ಟ್‌ಮೈರ್, ಅವರ ಲೇಖನ ಬಂದದ್ದು 1923ರಲ್ಲಿ. ಮರುವರ್ಷ ನ್ಯೂಯಾರ್ಕಿನ ಪ್ರಕೃತಿ ಚರಿತ್ರೆಯ ಮ್ಯೂಸಿಯಂನ ಕೀಟಶಾಸ್ತ್ರಜ್ಞ ಫ್ರಾಂಕ್ ಲುಟ್ಜ್ ಇದೇ ವಿಷಯದ ಮೇಲೆ ದೀರ್ಘ ಅಧ್ಯಯನ ಪ್ರಕಟಿಸಿದರು. ನಮಗೆ ಒಂದೇ ಬಣ್ಣವಾಗಿ ಕಾಣುವ ಹೂಗಳಲ್ಲಿ ಅತಿನೇರಳೆಯ ಚಿತ್ತಾರ ಇರಬಹುದೆಂದು ಅವರ ಕೆಲಸ ತೋರಿಸಿತು. ಆದರೂ ಲುಟ್ಜ್ ಎಚ್ಚರದ ಮನುಷ್ಯ. ಚಿತ್ತಾರ ಇದೆ ಎಂದ ಮಾತ್ರಕ್ಕೆ ಅದು ಕೀಟಗಳಿಗಾಗಿಯೇ ರೂಪುಗೊಂಡಿತೆಂದು ತೀರ್ಪು ಕೊಡಲು ಅವರು ಒಪ್ಪಲಿಲ್ಲ. ಈ ಸಂಶಯಕ್ಕೆ ಬೆಲೆಯಿದೆ. ಮುಂದೆ ಅದಕ್ಕೇ ಮರಳೋಣ.

ಸಂಶಯವನ್ನು ಪರೀಕ್ಷೆಗೆ ಒಡ್ಡಿದವರು ಮ್ಯೂನಿಕ್‌ನಲ್ಲಿ ಫ್ರಿಶ್ ಅವರ ಶಿಷ್ಯ ಕಾರ್ಲ್ ಡೌಮರ್. 1950ರ ದಶಕದಲ್ಲಿ ಅವರು ಬೇರೆ ಬೇರೆ ಫಿಲ್ಟರುಗಳ ಮೂಲಕ ಹೂಗಳ ಚಿತ್ರ ತೆಗೆದು, ಜೇನಿನ ಮೂರು ಬಣ್ಣಗಳ ಲೆಕ್ಕದಲ್ಲಿ ಪ್ರತಿ ಹೂವು ಹೇಗೆ ಕಂಡೀತೆಂದು ಗುಣಿಸಿದರು. ನಮಗೆ ಒಂದೇ ಹಳದಿಯಾಗಿ ಕಾಣುವ ಸಾಸಿವೆ ಬಳಗದ ಹೂಗಳು ಜೇನಿಗೆ ಬೇರೆ ಬೇರೆ ಬಣ್ಣದವು ಎಂದು ತಿಳಿಯಿತು. ಬಿಳಿ ಹೂಗಳಲ್ಲಿ ಹೆಚ್ಚಿನವು ಅತಿನೇರಳೆಯನ್ನು ಹೀರುವುದರಿಂದ ಜೇನಿಗೆ ಅವು ಬಿಳಿಯಲ್ಲ, ನೀಲಿ ಹಸಿರು ಬೆರೆತ ಬಣ್ಣ. ಯುರೋಪಿನ ಗೋದಿ ಹೊಲಗಳ ಕೆಂಪು ಗಸಗಸೆ ಹೂವನ್ನು ಜೇನು ಮುತ್ತುವುದು ಕೆಂಪಿಗಲ್ಲ, ಅದು ಹಿಂದಿರುಗಿಸುವ ಅತಿನೇರಳೆಗೆ.

ಡೌಮರ್ ಅಲ್ಲಿಗೇ ನಿಲ್ಲಲಿಲ್ಲ. ಸೂರ್ಯಕಾಂತಿಯ ಹತ್ತಿರದ ಸಂಬಂಧಿಯೊಂದರ ಎಸಳುಗಳನ್ನು ಕಿತ್ತು, ಬುಡ ಹೊರಗೆ ತುದಿ ಒಳಗೆ ಬರುವಂತೆ ತಿರುಗಿಸಿ ಜೋಡಿಸಿದರು. ನಮ್ಮ ಕಣ್ಣಿಗೆ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಜೇನು ಬಂದು ಕೂತು, ತಲೆ ತಗ್ಗಿಸಿ ನಾಲಗೆ ಚಾಚಿದ್ದು ಹೂವಿನ ಅಂಚಿನಲ್ಲಿ! ಮಕರಂದ ಇದ್ದದ್ದು ನಡುವೆ; ಗುರುತು ಕಂಡದ್ದು ಅಂಚಿನಲ್ಲಿ. ಜೇನು ಗುರುತನ್ನು ನಂಬಿತು. ಸ್ಪ್ರೆಂಗೆಲ್ ಮೇಷ್ಟ್ರ ಮಾತಿಗೆ 160 ವರ್ಷಗಳ ಮೇಲೆ ಸಿಕ್ಕ ಸಾಕ್ಷಿ ಅದು.

1969ರಲ್ಲಿ ಅದೇ ಕಾರ್ನೆಲ್‌ನಲ್ಲಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಅತಿನೇರಳೆಗೆ ಸ್ಪಂದಿಸುವ ಟೆಲಿವಿಷನ್ ಕ್ಯಾಮೆರಾ ಜೋಡಿಸಿ, ಹೂವಿನ ಅದೃಶ್ಯ ಚಿತ್ತಾರವನ್ನು ಆ ಕ್ಷಣದಲ್ಲೇ ಪರದೆಯ ಮೇಲೆ ನೋಡುವಂತೆ ಮಾಡಿದರು. ಫಿಲ್ಮ್ ತೊಳೆಯುವವರೆಗೆ ಕಾಯುವ ಪಾಡು ತಪ್ಪಿತು. 1972ರಲ್ಲಿ ಐಸ್ನರ್ ಅವರೂ ಸೇರಿದ್ದ ತಂಡ ಮೊದಲು ಹೇಳಿದ ಬ್ಲ್ಯಾಕ್ ಐಡ್ ಸೂಸನ್ ಎಸಳಿನ ಬುಡದಿಂದ ಆ ಕಪ್ಪಿಗೆ ಕಾರಣವಾದ ವಸ್ತುಗಳನ್ನು ಬೇರ್ಪಡಿಸಿತು. ಅವು ಫ್ಲೇವನಾಲ್ ಎಂಬ ವರ್ಗದ ವರ್ಣದ್ರವ್ಯಗಳು. ಎಸಳಿನ ಉದ್ದಕ್ಕೂ ಇರುವ ಹಳದಿ ದ್ರವ್ಯ ಅತಿನೇರಳೆಯನ್ನು ಮರಳಿಸುತ್ತದೆ. ಬುಡದಲ್ಲಷ್ಟೇ ಇರುವ ಫ್ಲೇವನಾಲ್ ಅದನ್ನು ಹೀರುತ್ತದೆ. ಗುಟ್ಟು ಇಷ್ಟೇ.

ಚಿತ್ರ ತೆಗೆಯುವ ಬಗೆ

ಈಗ ಈ ಕೆಲಸ ಪ್ರಯೋಗಾಲಯದ ಗೋಡೆ ದಾಟಿ ಹವ್ಯಾಸಿಗಳ ಕೈಗೂ ಬಂದಿದೆ. ನಾರ್ವೆಯ ಜೀವವಿಜ್ಞಾನಿ, ಛಾಯಾಗ್ರಾಹಕ ಬ್ಯೋರ್ನ್ ರೋರ್ಸ್ಲೆಟ್ ಅಂಥವರು ತಮ್ಮ ನಾಡಿನ ಕಾಡುಹೂಗಳನ್ನು ಎರಡೂ ಬೆಳಕಿನಲ್ಲಿ ಚಿತ್ರಿಸಿ ದಾಖಲಿಸಿದ್ದಾರೆ. ತೋಟದ ಹೂಗಳನ್ನು ಬಿಟ್ಟು ಕಾಡುಹೂಗಳನ್ನೇ ಹುಡುಕುವುದಕ್ಕೆ ಕಾರಣವಿದೆ. ತೋಟದ ತಳಿಗಳನ್ನು ಆರಿಸಿ ಬೆಳೆಸಿದ್ದು ಮನುಷ್ಯನ ಕಣ್ಣು; ಕಾಡುಹೂವು ಉಳಿದು ಬಂದದ್ದು ಆ ಮಣ್ಣಿನ, ಆ ಬಿಸಿಲಿನ, ಅಲ್ಲಿಯ ಕೀಟಗಳ ನಡುವೆ.

ಕೆಲಸದ ಕ್ರಮ ಹೀಗೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಿ ಮೊದಲು ಕಾಣುವ ಬೆಳಕಿನಲ್ಲಿ ಒಂದು ಚಿತ್ರ. ಬಳಿಕ ಕ್ಯಾಮೆರಾ ಅಲುಗದಂತೆ ಅತಿನೇರಳೆಯನ್ನು ಮಾತ್ರ ಬಿಡುವ ಕಪ್ಪು ಫಿಲ್ಟರ್ ಹಾಕಿ ಇನ್ನೊಂದು. ಹೇಳುವುದು ಸುಲಭ, ಮಾಡುವಾಗ ತೊಡಕು ನೂರು. ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ ಅತಿನೇರಳೆ ಸ್ವಲ್ಪ ಮಟ್ಟಿಗೆ ಕಾಣುತ್ತದೆ. ಆದರೆ ತಯಾರಕರು ಅದರ ಮುಂದೆ ತಡೆಗಾಜು ಕೂರಿಸಿರುತ್ತಾರೆ. ಅದನ್ನು ತೆಗೆಸಬೇಕು. ಮಸೂರವೂ ಅತಿನೇರಳೆಯನ್ನು ಬಿಡುವಂಥದ್ದಾಗಬೇಕು. ಇದಕ್ಕೆಂದೇ ನಿಕಾನ್ ಕಂಪನಿ 1985ರಲ್ಲಿ ಸ್ಫಟಿಕ ಮತ್ತು ಫ್ಲೋರೈಟ್ ಬಳಸಿದ 105 ಮಿ.ಮೀ. ಮಸೂರವೊಂದನ್ನು ತಂದಿತ್ತು, ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಬಡವರ ಪಾಲಿಗೆ ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಮೂಲೆ ಸೇರಿದ ಕೆಲವು ಹಳೆಯ ಎನ್‌ಲಾರ್ಜರ್ ಮಸೂರಗಳೇ ಆಸರೆ. ಅವುಗಳಲ್ಲಿ ಗಾಜು ಕಡಿಮೆ, ಅತಿನೇರಳೆಯ ಒಂದಂಶ ದಾಟಿ ಬರುತ್ತದೆ.

ಅತಿನೇರಳೆ ಬೆಳಕು ಮಸೂರದಲ್ಲಿ ಬಾಗುವ ಪ್ರಮಾಣ ಬೇರೆ, ಹಾಗಾಗಿ ಕಣ್ಣಿಗೆ ಸ್ಪಷ್ಟವಾಗಿ ಕೂರಿಸಿದ ಫೋಕಸ್ ಚಿತ್ರದಲ್ಲಿ ತಪ್ಪಿಹೋಗುತ್ತದೆ. ಬಿಸಿಲಿನಲ್ಲಿ ಅತಿನೇರಳೆಯ ಪಾಲು ಕಡಿಮೆ. ಷಟರ್ ಬಹಳ ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಗಾಳಿ ಬೀಸಿ ಹೂವು ತಲೆಯಾಡಿಸಿದರೆ ಎಲ್ಲ ವ್ಯರ್ಥ. ಇನ್ನೊಂದು ಮೋಸವೂ ಇದೆ. ಅತಿನೇರಳೆಯನ್ನು ಬಿಡುವ ಫಿಲ್ಟರುಗಳಲ್ಲಿ ಅನೇಕವು ಕೆಂಪಿನಾಚೆಯ ಅವಗೆಂಪನ್ನೂ ಗುಟ್ಟಾಗಿ ಬಿಡುತ್ತವೆ. ಅದನ್ನು ತಡೆಯದಿದ್ದರೆ ಸಿಕ್ಕ ಚಿತ್ರ ಅತಿನೇರಳೆಯದೇ ಅಲ್ಲ. ಬಿಳಿ ಅಳತೆಗೆಂದು ಕಾಗದ ಇಟ್ಟರೂ ತಪ್ಪಾಗಬಹುದು. ಕಾಗದಕ್ಕೆ ಬಿಳುಪು ಹೆಚ್ಚಿಸಲು ಹಾಕುವ ರಾಸಾಯನಿಕ ಅತಿನೇರಳೆಯನ್ನು ಹೀರುತ್ತದೆ. ಅದಕ್ಕಾಗಿ ತಿಳಿದವರು ಟೆಫ್ಲಾನ್ ತುಂಡೊಂದನ್ನು ಇಡುತ್ತಾರೆ. ಅಂಟದ ಕಾವಲಿಗೆ ಬಳಿಯುವುದೂ ಅದೇ ವಸ್ತು.

ಕತ್ತಲಲ್ಲಿ ಅತಿನೇರಳೆ ಟಾರ್ಚ್ ಬಿಟ್ಟಾಗ ಹೂಗಳು ನೀಲಿ, ಹಸಿರಾಗಿ ಬೆಳಗುವ ಚಿತ್ರಗಳನ್ನು ಕೆಲವರು ‘ಜೇನಿನ ನೋಟ’ ಎಂದು ಹೇಳುವುದುಂಟು. ಅದು ಬೇರೆಯೇ ಸಂಗತಿ. ಅಲ್ಲಿ ಹೂವು ಅತಿನೇರಳೆಯನ್ನು ನುಂಗಿ, ನಮಗೆ ಕಾಣುವ ಬೆಳಕನ್ನು ಉಗುಳುತ್ತದೆ. ಇಲ್ಲಿ ನಾವು ಹಿಡಿಯುವುದು ಹೂವಿನಿಂದ ಮರಳಿದ ಅತಿನೇರಳೆಯನ್ನೇ.

ಚಿತ್ರ ಹೇಳುವುದು, ಹೇಳದಿರುವುದು

ಸರಿಯಾಗಿ ತೆಗೆದ ಚಿತ್ರವೂ ಜೇನು ಕಂಡ ಹೂವಲ್ಲ. ಜೇನಿಗೆ ಅತಿನೇರಳೆ ಒಂದೇ ಅಲ್ಲ, ಹಸಿರೂ ನೀಲಿಯೂ ಒಟ್ಟಿಗೆ ಕಾಣುತ್ತವೆ. ಇನ್ನು ನೋಟದ ಸೂಕ್ಷ್ಮತೆ. ಕೆಲಸಗಾರ ಜೇನಿನ ಒಂದೊಂದು ಕಣ್ಣಿನಲ್ಲಿ ಸುಮಾರು 5,000 ಪುಟ್ಟ ಮಸೂರಗಳಿದ್ದರೂ ಅದಕ್ಕೆ ಲೋಕ ಕಾಣುವುದು ಒರಟಾಗಿ, ದಪ್ಪ ಚುಕ್ಕೆಗಳಾಗಿ. 1990ರ ದಶಕದಲ್ಲಿ ಬರ್ಲಿನ್‌ನಲ್ಲಿ ಮಾರ್ಟಿನ್ ಜಿಯುರ್ಫಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳ ಪ್ರಕಾರ, ವಸ್ತು ಕಣ್ಣಿನಲ್ಲಿ 5 ಡಿಗ್ರಿ ಕೋನ ಮಾಡಿದಾಗ ಅದು ಇದೆಯೆಂದು ಜೇನಿಗೆ ತಿಳಿಯುತ್ತದೆ. ಬಣ್ಣ ತಿಳಿಯಲು ಸುಮಾರು 15 ಡಿಗ್ರಿ ಬೇಕು. ಲೆಕ್ಕ ಹಾಕಿದರೆ, 3 ಸೆಂಟಿಮೀಟರ್ ಅಗಲದ ಹೂವು ಒಂದೂವರೆ ಗೇಣು ದೂರದಿಂದ ಕಂಡೀತು. ಅದರ ಬಣ್ಣ ತಿಳಿಯಬೇಕಾದರೆ ಅರ್ಧ ಗೇಣು ಸಮೀಪಕ್ಕೆ ಬರಬೇಕು. ಎಸಳಿನ ಚಿತ್ತಾರ ದೂರದಿಂದ ಕರೆಯುವ ಬಾವುಟ ಆಗಲಾರದು. ಅದು ಮನೆಗೆ ಬಂದವರಿಗೆ ಬಾಗಿಲು ತೋರಿಸುವ ಹೊಸ್ತಿಲ ರಂಗೋಲಿ.

ಯಾರು ಯಾರಿಗಾಗಿ ಎಂಬ ಪ್ರಶ್ನೆಯೂ ತಿರುಗುಮುರುಗಾಗಿದೆ. ಹೂಗಳನ್ನು ನೋಡಲೆಂದೇ ಕೀಟಗಳಿಗೆ ಅತಿನೇರಳೆಯ ಕಣ್ಣು ಬಂತೆಂದು ಹಲವರು ಭಾವಿಸಿದ್ದರು. ಲಾರ್ಸ್ ಚಿಟ್ಕಾ ಎಂಬ ವಿಜ್ಞಾನಿ ಕೀಟಗಳ ಮತ್ತು ಅವುಗಳ ದೂರದ ಬಂಧುಗಳ ಕಣ್ಣುಗಳನ್ನು ಹೋಲಿಸಿ, ಈ ಕಣ್ಣು ಹೂಗಳಿಗಿಂತ ಬಹಳ ಹಳೆಯದೆಂದು 1990ರ ದಶಕದಲ್ಲಿ ವಾದಿಸಿದರು. ಅಂದರೆ ಇದ್ದ ಕಣ್ಣಿಗೆ ಹೊಂದುವಂತೆ ಹೂವು ಬಣ್ಣ ತಳೆಯಿತು.

ಲುಟ್ಜ್ ಅವರ ಹಳೆಯ ಸಂಶಯವೂ ಹೊಸ ರೂಪದಲ್ಲಿ ಮರಳಿತು. ಅಮೆರಿಕದ ಮ್ಯಾಥ್ಯೂ ಕೋಸ್ಕಿ ಮತ್ತು ಟಿಯಾ ಲಿನ್ ಆಶ್ಮನ್ ‘ಸಿಲ್ವರ್‌ವೀಡ್’ ಎಂಬ ಹಳದಿ ಕಾಡುಹೂವನ್ನು ಬೇರೆ ಬೇರೆ ಅಕ್ಷಾಂಶಗಳಲ್ಲಿ ನೋಡಿದರು. ಸಮಭಾಜಕದ ಕಡೆಗೆ ಬಂದಂತೆ, ಅಂದರೆ ಅತಿನೇರಳೆ ಬಿಸಿಲು ತೀವ್ರವಾದಂತೆ, ಹೂವಿನ ನಡುವಿನ ಕಪ್ಪು ಬಿಲ್ಲೆ ದೊಡ್ಡದಾಗುತ್ತಿತ್ತು. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಹೊಸ ಅರ್ಥ ಕೊಟ್ಟಿತು. ಬಟ್ಟಲಿನಂಥ ಹೂವಿನ ಎಸಳುಗಳು ಕನ್ನಡಿಯಂತೆ ಬೆಳಕನ್ನು ನಡುವಿನ ಪರಾಗದ ಮೇಲೆ ಚೆಲ್ಲುತ್ತವೆ. ತೀಕ್ಷ್ಣ ಅತಿನೇರಳೆ ಪರಾಗವನ್ನು ಕೆಡಿಸುತ್ತದೆ. ಕಪ್ಪು ಬಿಲ್ಲೆ ಅದನ್ನು ನುಂಗಿ ಪರಾಗವನ್ನು ಉಳಿಸುತ್ತದೆ. ಸೂರ್ಯಕಾಂತಿಯ ಕಾಡು ಬಂಧುಗಳಲ್ಲಿ 2022ರ ಅಧ್ಯಯನವೊಂದು ಇನ್ನೂ ಒಂದು ನಂಟನ್ನು ಕಂಡಿತು: ಒಣ ಹವೆಯ ಕಡೆ ಬಿಲ್ಲೆ ದೊಡ್ಡದು. ಆ ಫ್ಲೇವನಾಲ್‌ಗಳು ಗಿಡಕ್ಕೆ ಬರ ತಾಳುವಲ್ಲಿಯೂ ನೆರವಾಗುತ್ತವೆ. ಒಂದೇ ಗುರುತು ಅತಿಥಿಗೆ ದಾರಿಯೂ ಹೌದು, ಮನೆಗೆ ಕೊಡೆಯೂ ಹೌದು.

ಹಾಳೆಗಂಟಿಸಿದ ಹೂಗಳ ಸಾಕ್ಷ್ಯ

ಇಲ್ಲಿಂದ ಮುಂದೆ ಈ ಹವ್ಯಾಸಕ್ಕೆ ಗಂಭೀರವಾದ ತಿರುವು ಬರುತ್ತದೆ. ಸಸ್ಯಶಾಸ್ತ್ರಜ್ಞರು ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ, ದಿನಾಂಕ, ಸ್ಥಳ ಬರೆದು ಇಡುವ ಸಂಗ್ರಹಗಳಿಗೆ ಹರ್ಬೇರಿಯಂ ಎನ್ನುತ್ತಾರೆ. ಒಣಗಿದ ಹೂವಿನ ಬಣ್ಣ ನಮ್ಮ ಕಣ್ಣಿಗೆ ಮಾಸಿದರೂ ಅತಿನೇರಳೆಯ ಗುರುತು ಉಳಿದಿರುತ್ತದೆ. ಕೋಸ್ಕಿ, ಆಶ್ಮನ್ ಮತ್ತು ಸಂಗಡಿಗರು ಇಂಥ ಹಾಳೆಗಳ ಮುಂದೆ ಅತಿನೇರಳೆ ಕ್ಯಾಮೆರಾ ಹಿಡಿದರು. 42 ಜಾತಿಗಳ 1,238 ಹೂಗಳು. ಅತ್ಯಂತ ಹಳೆಯದು 1941ರದು. 2020ರಲ್ಲಿ ಅವರು ವರದಿ ಮಾಡಿದಂತೆ, ಹೂಗಳಲ್ಲಿ ಅತಿನೇರಳೆ ಹೀರುವ ವರ್ಣದ್ರವ್ಯ ವರ್ಷಕ್ಕೆ ಸರಾಸರಿ ಶೇ 2ರಷ್ಟು ಹೆಚ್ಚುತ್ತ ಬಂದಿತ್ತು.

ಎಲ್ಲ ಹೂಗಳೂ ಒಂದೇ ರೀತಿ ಬದಲಾಗಲಿಲ್ಲ. ಪರಾಗ ಬಯಲಿಗೆ ತೆರೆದುಕೊಂಡ ಹೂಗಳಲ್ಲಿ, ಓಜೋನ್ ತೆಳುವಾದ ಕಡೆ ವರ್ಣದ್ರವ್ಯ ಏರಿತ್ತು. ಪರಾಗವನ್ನು ಎಸಳಿನೊಳಗೆ ಬಚ್ಚಿಟ್ಟುಕೊಂಡ ಹೂಗಳಲ್ಲಿ, ಹವೆ ಬಿಸಿಯಾದ ಕಡೆ ಅದು ಇಳಿದಿತ್ತು. ಅಂಟಾರ್ಕ್ಟಿಕಾದ ಮೇಲೆ ಓಜೋನ್ ರಂಧ್ರದ ಸುದ್ದಿ ಬಂದದ್ದು 1985ರಲ್ಲಿ. ಅದಕ್ಕೆ ಕಾರಣವಾದ ರಾಸಾಯನಿಕಗಳನ್ನು ನಿಲ್ಲಿಸುವ ಮಾಂಟ್ರಿಯಲ್ ಒಪ್ಪಂದ ಆದದ್ದು 1987ರಲ್ಲಿ. ನಾವು ಆಕಾಶಕ್ಕೆ ಮಾಡಿದ ಗಾಯ, ನಮಗೇ ಕಾಣದ ಬಣ್ಣದಲ್ಲಿ ಹೂಗಳ ಮೇಲೆ ದಾಖಲಾಗುತ್ತಿತ್ತು.

ಇದರಿಂದ ಏನು ನಷ್ಟ ಎನ್ನಬಹುದು. ಗುರಿಹಲಗೆ ಕಾಣುವುದು ಬಿಳಿಯ ನಡುವೆ ಕಪ್ಪು ಇರುವುದರಿಂದ. ಕಪ್ಪು ಹಬ್ಬಿ ಎಸಳೆಲ್ಲ ಕಪ್ಪಾದರೆ, ಅಥವಾ ಕಪ್ಪು ಕರಗಿ ಎಲ್ಲ ಬಿಳುಪಾದರೆ, ರಂಗೋಲಿ ಅಳಿಸಿದಂತೆ. ಹೂವು ನಮಗೆ ಅದೇ ಹಳದಿಯಾಗಿ, ಅಷ್ಟೇ ಅಂದವಾಗಿ ಕಾಣುತ್ತಿರುತ್ತದೆ. ಜೇನಿಗೆ ಮಾತ್ರ ಬಾಗಿಲು ಹುಡುಕುವುದು ಕಷ್ಟವಾದೀತು. ಬಾಗಿಲು ತಪ್ಪಿದರೆ ಪರಾಗ ದಾಟದು, ಬೀಜ ಕಟ್ಟದು. ಇದು ಆಗಿಯೇ ತೀರುತ್ತದೆಂದು ಯಾರೂ ಹೇಳಿಲ್ಲ. ಆದರೆ ಆಗುತ್ತಿದೆಯೇ ಎಂದು ತಿಳಿಯಲು ಬರಿಗಣ್ಣು ಸಾಲದು ಎಂಬುದಂತೂ ಖಚಿತ.

ರಾಮನ್ ಕೇಳಿದ ಪ್ರಶ್ನೆ

ಈ ಕಥೆಗೆ ಬೆಂಗಳೂರಿನ ಒಂದು ಅಧ್ಯಾಯವನ್ನೂ ಸೇರಿಸಬಹುದು. ಸರ್ ಸಿ. ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ, ತಾವೇ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಹೂಗಳ ಬಣ್ಣದ ಬೆನ್ನು ಹತ್ತಿದ್ದರು. ಎಸಳುಗಳಿಂದ ಬಂದ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿ 1963ರಲ್ಲಿ ಹೂವಿನ ಬಣ್ಣ ಮತ್ತು ದೃಷ್ಟಿಯ ಬಗ್ಗೆ ಲೇಖನಗಳನ್ನು ಬರೆದರು. 1968ರಲ್ಲಿ ದೃಷ್ಟಿಯ ಕುರಿತೇ ಗ್ರಂಥ ತಂದರು. ಅವರು ಹೊರಟದ್ದು ಬಣ್ಣ ನಮ್ಮ ಕಣ್ಣಿಗೆ ಹೇಗೆ ಬಣ್ಣವಾಗುತ್ತದೆ ಎಂದು ಕೇಳಿಕೊಂಡು. ಅದೇ ಪ್ರಶ್ನೆಯನ್ನು ತುಡುವೆ ಜೇನಿನ, ಹೆಜ್ಜೇನಿನ, ನಸರಿ ಜೇನಿನ ಪರವಾಗಿ ಕೇಳಿದರೆ ಉಳಿದ ಅರ್ಧ ತೆರೆದುಕೊಳ್ಳುತ್ತದೆ.

ಕೇಳುವುದಕ್ಕೆ ನಮ್ಮಲ್ಲಿ ಹೂಗಳಿಗೆ ಬರವಿಲ್ಲ. ಪಶ್ಚಿಮ ಘಟ್ಟದ ಹುಲ್ಲುಗಾವಲಿನಲ್ಲಿ ಮಳೆ ಬಿದ್ದ ಮೇಲೆ ಅರಳುವ ಪುಟ್ಟ ಹೂಗಳಿವೆ, ಬಯಲುಸೀಮೆಯ ಬದುಗಳಲ್ಲಿ ತಾನಾಗಿ ಹುಟ್ಟುವ ತುಂಬೆ, ಉತ್ತರಾಣಿಗಳಿವೆ. ಒಂದು ಊರಿನ ಹೂಗಳನ್ನು ಎರಡೂ ಬೆಳಕಿನಲ್ಲಿ ಚಿತ್ರಿಸಿ, ದಿನಾಂಕ, ಸ್ಥಳ ಬರೆದು ಜೋಪಾನ ಮಾಡಿದರೆ ಅದು ಮುಂದಿನವರಿಗೆ ಅಳತೆಗೋಲು. 1941ರಲ್ಲಿ ಹೂವನ್ನು ಒಣಗಿಸಿ ಹಾಳೆಗೆ ಅಂಟಿಸಿದವರಿಗೆ ಅದು ಓಜೋನಿನ ಕಥೆ ಹೇಳೀತೆಂಬ ಕಲ್ಪನೆಯೂ ಇರಲಿಲ್ಲ. ಕ್ರಮ ತಪ್ಪದೆ ಇಟ್ಟರು, ಅಷ್ಟೇ. ಹಾಗೆ ಇಟ್ಟದ್ದರಿಂದಲೇ ಹೂವಿನ ಕಾಣದ ಅಕ್ಷರವನ್ನು ಇಂದು ಓದಲು ಸಾಧ್ಯವಾಯಿತು.